ಬಾಚಣಿಗೆಯ ಕಿಡಿಯಿಂದ ಬಾನಿನ ಸಿಡಿಲಿನವರೆಗೆ

ಮಿಂಚು, ಗುಡುಗು, ಸಿಡಿಲು ಎಂಬ ಮೂರು ಪದಗಳನ್ನು ಕನ್ನಡಿಗರು ಒಂದರ ಬದಲಿಗೆ ಇನ್ನೊಂದನ್ನು ಬಳಸುವುದಿಲ್ಲ. ಕಣ್ಣಿಗೆ ಕಾಣುವ ಬೆಳಕು ಮಿಂಚು. ಕಿವಿಗೆ ಕೇಳುವ ಸದ್ದು ಗುಡುಗು. ನೆಲಕ್ಕೆರಗಿ ಮರವನ್ನು ಸೀಳುವ, ಪ್ರಾಣವನ್ನು ಕಸಿಯುವ ಆಘಾತ ಸಿಡಿಲು. ಹೆಸರು ಮೂರಾದರೂ ಇವುಗಳ ಮೂಲ ಒಂದೇ. ಚಳಿಗಾಲದಲ್ಲಿ ಟೆರಿಲಿನ್ ಅಂಗಿಯನ್ನು ಕಳಚುವಾಗ ಕೇಳಿಬರುವ ಚಟಪಟ ಸದ್ದು ಹಾಗೂ ಕತ್ತಲೆಯಲ್ಲಿ ಕಾಣುವ ನೀಲಿ ಕಿಡಿಗಳ ಮೂಲವೂ ಅದೇ ಆಗಿದೆ. ಅಂಗಿಯ ಕಿಡಿಗೂ ಬಾನಿನ ಸಿಡಿಲಿಗೂ ಇರುವ ವ್ಯತ್ಯಾಸ ಪ್ರಮಾಣದ್ದೇ ಹೊರತು ಸ್ವಭಾವದ್ದಲ್ಲ.

ಈ ತಿಳಿವಳಿಕೆ ಕೇವಲ ಕುತೂಹಲಕ್ಕಾಗಿ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿ ಅಂಶಗಳಂತೆ 2022ರಲ್ಲಿ ಭಾರತದಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ. ಇಂತಹ ಸಾವುಗಳಲ್ಲಿ ಹೆಚ್ಚಿನವು ಹೊಲಗದ್ದೆಗಳಲ್ಲಿ, ಬಯಲಿನಲ್ಲಿ, ಮರದ ಅಡಿಯಲ್ಲಿ ಸಂಭವಿಸುತ್ತವೆ. ಸಿಡಿಲನ್ನು ತಡೆಯುವುದು ಮನುಷ್ಯನಿಂದ ಸಾಧ್ಯವಿಲ್ಲ. ಆದರೆ ಅದರ ನಡೆಯನ್ನು ಅರಿತು ಅದರ ದಾರಿಯಿಂದ ಸರಿದು ನಿಲ್ಲುವುದು ಖಂಡಿತ ಸಾಧ್ಯ. ಈ ಅರಿವಿನ ಮೊದಲ ಪಾಠವನ್ನು ಒಂದು ಬಾಚಣಿಗೆಯೇ ಕಲಿಸಬಲ್ಲದು.

ಉಜ್ಜಿದಾಗ ಹುಟ್ಟುವ ವಿದ್ಯುತ್ತು

ಎಣ್ಣೆ ಹಚ್ಚದ ಒಣ ಕೂದಲನ್ನು ಪ್ಲಾಸ್ಟಿಕ್ ಬಾಚಣಿಗೆಯಿಂದ ಹತ್ತಾರು ಬಾರಿ ಬಾಚಿ, ಕೂಡಲೇ ಆ ಬಾಚಣಿಗೆಯನ್ನು ಸಣ್ಣ ಕಾಗದದ ಚೂರುಗಳ ಬಳಿ ಹಿಡಿದರೆ ಚೂರುಗಳು ನೆಗೆದು ಅದಕ್ಕೆ ಅಂಟಿಕೊಳ್ಳುತ್ತವೆ. ಎಲ್ಲ ವಸ್ತುಗಳೂ ಪರಮಾಣುಗಳಿಂದ ಆಗಿವೆ. ಪರಮಾಣುವಿನ ನಡುವೆ ಧನ ಆವೇಶವುಳ್ಳ ಬೀಜವೂ ಅದರ ಸುತ್ತ ಋಣ ಆವೇಶವುಳ್ಳ ಎಲೆಕ್ಟ್ರಾನುಗಳೂ ಇರುತ್ತವೆ. ಸಾಮಾನ್ಯವಾಗಿ ಇವೆರಡೂ ಸಮನಾಗಿರುವುದರಿಂದ ವಸ್ತುವಿನಲ್ಲಿ ವಿದ್ಯುತ್ತಿನ ಯಾವ ಲಕ್ಷಣವೂ ತೋರುವುದಿಲ್ಲ. ಎರಡು ಬೇರೆ ಬೇರೆ ವಸ್ತುಗಳನ್ನು ಒತ್ತಿ ಉಜ್ಜಿದಾಗ ಒಂದರಿಂದ ಇನ್ನೊಂದಕ್ಕೆ ಕೆಲವು ಎಲೆಕ್ಟ್ರಾನುಗಳು ದಾಟುತ್ತವೆ. ಕೂದಲಿನಿಂದ ಎಲೆಕ್ಟ್ರಾನುಗಳನ್ನು ಪಡೆದ ಬಾಚಣಿಗೆ ಋಣ ಆವೇಶವನ್ನೂ, ಕಳೆದುಕೊಂಡ ಕೂದಲು ಧನ ಆವೇಶವನ್ನೂ ಹೊಂದುತ್ತವೆ. ಬಾಚಿದ ಕೂದಲಿನ ಎಳೆಗಳು ಒಂದನ್ನೊಂದು ದೂಡುತ್ತ ನಿಮಿರಿ ನಿಲ್ಲುವುದು ಇದರಿಂದಲೇ. ಸಜಾತೀಯ ಆವೇಶಗಳು ವಿಕರ್ಷಿಸುತ್ತವೆ, ವಿಜಾತೀಯ ಆವೇಶಗಳು ಆಕರ್ಷಿಸುತ್ತವೆ ಎಂಬುದು ಇಲ್ಲಿನ ಮೂಲ ನಿಯಮ.

ಪ್ಲಾಸ್ಟಿಕ್ಕು ವಿದ್ಯುತ್ತಿಗೆ ಅವಾಹಕವಾದ್ದರಿಂದ ಅದರ ಮೇಲೆ ಸೇರಿದ ಆವೇಶ ಹರಿದುಹೋಗದೆ ನಿಂತಲ್ಲೇ ನಿಲ್ಲುತ್ತದೆ. ಆದಕಾರಣವೇ ಇದಕ್ಕೆ ಸ್ಥಿರ ವಿದ್ಯುತ್ ಎಂಬ ಹೆಸರು ಬಂದಿದೆ. ಲೋಹದ ಸಲಾಕೆಯನ್ನು ಕೈಯಲ್ಲಿ ಹಿಡಿದು ಎಷ್ಟು ಉಜ್ಜಿದರೂ ಆವೇಶ ನಿಲ್ಲದು. ಅದು ಲೋಹದ ಮೂಲಕ ಕೈಗೂ, ಕೈಯಿಂದ ನೆಲಕ್ಕೂ ಹರಿದುಹೋಗುತ್ತದೆ. ಆವೇಶವು ಎಲ್ಲಿ ದಾರಿ ಸಿಗದೋ ಅಲ್ಲಿ ಸಂಗ್ರಹವಾಗುತ್ತದೆ. ದಾರಿ ಸಿಕ್ಕೊಡನೆ ನೆಲವನ್ನು ಸೇರುತ್ತದೆ. ಬಾಚಣಿಗೆಯಿಂದ ಕಲಿಯಬೇಕಾದ ಈ ಪಾಠವೇ ಮುಂದೆ ಸಿಡಿಲಿಗೂ ಅನ್ವಯಿಸುತ್ತದೆ.

ಒಣಹವೆಯ ಪಾತ್ರ

ಇದೇ ಪ್ರಯೋಗವನ್ನು ಮಳೆಗಾಲದಲ್ಲಿ ಮಾಡಿದರೆ ಕಾಗದದ ಚೂರುಗಳು ಮಿಸುಕಾಡದೆ ಇರಬಹುದು. ತೇವವುಳ್ಳ ಹವೆಯಲ್ಲಿ ವಸ್ತುಗಳ ಮೇಲೆ ಕಣ್ಣಿಗೆ ಕಾಣದ ನೀರಿನ ತೆಳುಪೊರೆ ಕುಳಿತಿರುತ್ತದೆ. ಆವೇಶವು ಅದರ ಮೂಲಕ ಸೋರಿಹೋಗುತ್ತದೆ. ದಖ್ಖನ್ ಪ್ರಸ್ಥಭೂಮಿಯ ಮೇಲಿರುವ ಪುಣೆ, ಬೆಳಗಾವಿ, ವಿಜಯಪುರ, ಕಲಬುರಗಿಗಳಲ್ಲಿ ಚಳಿಗಾಲದಿಂದ ಬೇಸಗೆಯ ಮೊದಲ ತಿಂಗಳುಗಳವರೆಗೆ ಹವೆ ಒಣಗಿರುತ್ತದೆ. ನೈಲಾನ್ ಸೀರೆ ಮೈಗೆ ಅಂಟಿಕೊಳ್ಳುವುದು, ಕುರ್ಚಿಯಿಂದ ಎದ್ದು ಬಾಗಿಲ ಚಿಲಕ ಮುಟ್ಟಿದಾಗ ಬೆರಳಿಗೆ ಚುರುಕು ಮುಟ್ಟುವುದು ಈ ಕಾಲದಲ್ಲೇ ಹೆಚ್ಚು. ಹತ್ತಿಯ ಬಟ್ಟೆ ಹವೆಯ ತೇವವನ್ನು ಹೀರಿಕೊಳ್ಳುವುದರಿಂದ ಅದರಲ್ಲಿ ಈ ಕಾಟ ಕಡಿಮೆ.

ಚಿಲಕದ ಬಳಿ ಹಾರುವ ಕಿಡಿ ಚಿಕ್ಕದಾದರೂ ಅದರ ಹಿಂದಿನ ವಿದ್ಯುತ್ ಒತ್ತಡ ಚಿಕ್ಕದಲ್ಲ. ಒಣಹವೆ ಒಳ್ಳೆಯ ಅವಾಹಕ. ಅದನ್ನು ಭೇದಿಸಿ ಕಿಡಿ ಹಾರಬೇಕಾದರೆ ಒಂದು ಸೆಂಟಿಮೀಟರಿಗೆ ಸುಮಾರು 30,000 ವೋಲ್ಟ್ ಬೇಕು. ಅಂದರೆ 3 ಮಿಲಿಮೀಟರ್ ಉದ್ದದ ಕಿಡಿಯ ಹಿಂದೆ ಸುಮಾರು 9,000 ವೋಲ್ಟ್ ಇರುತ್ತದೆ. ಮನೆಯ ತಂತಿಯ 230 ವೋಲ್ಟ್ ಕೊಲ್ಲಬಲ್ಲದು, ಈ 9,000 ವೋಲ್ಟ್ ಚುರುಕು ಮುಟ್ಟಿಸಿ ಸುಮ್ಮನಾಗುತ್ತದೆ. ಕಾರಣವಿಷ್ಟೆ: ಮೈಮೇಲೆ ಸೇರಿದ್ದ ಆವೇಶ ಅತ್ಯಲ್ಪ. ಕೂಲಮ್ ಎಂಬ ಮಾನದಲ್ಲಿ ಅದರ ಅಳತೆ ಹತ್ತು ಲಕ್ಷದ ಒಂದು ಪಾಲಿನಷ್ಟು. ಕಿಡಿ ಹಾರಿದೊಡನೆ ಅದು ಮುಗಿದುಹೋಗುತ್ತದೆ.

ಉಪಕಾರ ಮತ್ತು ಅಪಾಯ

ಸ್ಥಿರ ವಿದ್ಯುತ್ತನ್ನು ಮನುಷ್ಯ ಹಲವು ಕೆಲಸಗಳಿಗೆ ಪಳಗಿಸಿದ್ದಾನೆ. 1938ರಲ್ಲಿ ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ ರೂಪಿಸಿದ ವಿಧಾನವೇ ಇಂದಿನ ಜೆರಾಕ್ಸ್ ಯಂತ್ರದ ಮೂಲ. ಅದರಲ್ಲಿ ಅಕ್ಷರಗಳಿರುವ ಭಾಗದಲ್ಲಿ ಮಾತ್ರ ಆವೇಶ ಉಳಿದು, ಅದು ಕರಿಪುಡಿಯನ್ನು ಸೆಳೆದುಕೊಳ್ಳುತ್ತದೆ. ಕಲ್ಲಿದ್ದಲು ಉರಿಸುವ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳಲ್ಲಿ ಹೊಗೆಯೊಡನೆ ಹೊರಡುವ ಹಾರುಬೂದಿಗೆ ಆವೇಶ ಕೊಟ್ಟು ಲೋಹದ ಫಲಕಗಳ ಮೇಲೆ ಹಿಡಿದಿಡಲಾಗುತ್ತದೆ. ವಾಹನಗಳ ಭಾಗಗಳಿಗೆ ಬಣ್ಣದ ಪುಡಿ ಸಮನಾಗಿ ಅಂಟುವುದೂ ಈ ಸೆಳೆತದಿಂದಲೇ.

ಎಚ್ಚರ ತಪ್ಪಿದರೆ ಇದೇ ಕಿಡಿ ಅನಾಹುತಕ್ಕೆ ಕಾರಣವಾಗುತ್ತದೆ. ಪೆಟ್ರೋಲು ಕೊಳವೆಯಲ್ಲಿ ವೇಗವಾಗಿ ಹರಿಯುವಾಗಲೂ ಆವೇಶ ಹುಟ್ಟುತ್ತದೆ. ಪೆಟ್ರೋಲಿನ ಆವಿ ಹೊತ್ತಿಕೊಳ್ಳಲು ಬೆರಳಿಗೆ ಚುರುಕು ಮುಟ್ಟಿಸುವಷ್ಟು ಕಿಡಿಯೇ ಸಾಕು. ಆದ್ದರಿಂದ ಟ್ಯಾಂಕರಿನಿಂದ ಪೆಟ್ರೋಲು ಇಳಿಸುವ ಮುನ್ನ ಅದಕ್ಕೆ ತಂತಿ ಜೋಡಿಸಿ ಭೂಸಂಪರ್ಕ ಕೊಡುವುದು ಕಡ್ಡಾಯವಾದ ಕ್ರಮ. ಗಣಕಯಂತ್ರದ ಸೂಕ್ಷ್ಮ ಬಿಲ್ಲೆಗಳನ್ನು ಜೋಡಿಸುವ ಕಾರ್ಮಿಕರು ಮಣಿಕಟ್ಟಿಗೆ ಭೂಸಂಪರ್ಕದ ಪಟ್ಟಿಯನ್ನು ಕಟ್ಟಿಕೊಳ್ಳುತ್ತಾರೆ. ಎರಡೂ ಕಡೆ ಉಪಾಯ ಒಂದೇ: ಆವೇಶ ಕೂಡಿಬಿದ್ದು ಕಿಡಿಯಾಗಿ ಹಾರುವ ಮೊದಲೇ ಅದಕ್ಕೆ ನೆಲದ ದಾರಿ ತೋರಿಸುವುದು.

ಮೋಡದೊಳಗಿನ ಘರ್ಷಣೆ

ಮಿಂಚು ವಿದ್ಯುತ್ತಿನ ಕಿಡಿಯೇ ಎಂದು ಪ್ರಯೋಗದಿಂದ ಸಿದ್ಧಪಟ್ಟದ್ದು 1752ರಲ್ಲಿ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಸೂಚಿಸಿದ ಕ್ರಮದಂತೆ ಫ್ರಾನ್ಸಿನಲ್ಲಿ ಎತ್ತರದ ಕಬ್ಬಿಣದ ಸಲಾಕೆಯೊಂದನ್ನು ನೆಟ್ಟು, ಗುಡುಗು ಮೋಡ ಬಂದಾಗ ಅದರಿಂದ ಕಿಡಿಗಳನ್ನು ಪಡೆಯಲಾಯಿತು. ಮರುವರ್ಷ, 1753ರಲ್ಲಿ, ಇದೇ ಬಗೆಯ ಪರೀಕ್ಷೆಯಲ್ಲಿ ತೊಡಗಿದ್ದ ವಿಜ್ಞಾನಿ ರಿಖ್‌ಮಾನ್ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಸಿಡಿಲಿನ ಆಘಾತಕ್ಕೆ ಬಲಿಯಾದರು.

ಮೋಡದಲ್ಲಿ ಉಜ್ಜುವವರು ಯಾರು? ಈ ಪ್ರಶ್ನೆಯ ಉತ್ತರಕ್ಕಾಗಿ ನಡೆದ ಆರಂಭದ ಮಹತ್ವದ ಶೋಧನೆಗಳಲ್ಲೊಂದು ಭಾರತದ್ದು. ಭಾರತೀಯ ಹವಾಮಾನ ಇಲಾಖೆಯಲ್ಲಿದ್ದ ಜಾರ್ಜ್ ಸಿಂಪ್ಸನ್ ಶಿಮ್ಲಾದಲ್ಲಿ ಮಳೆಹನಿಗಳ ಆವೇಶವನ್ನು ಅಳೆದು, ಹನಿಗಳು ಒಡೆಯುವುದೇ ಗುಡುಗು ಮೋಡದ ವಿದ್ಯುತ್ತಿಗೆ ಕಾರಣವೆಂದು 1909ರಲ್ಲಿ ಮಂಡಿಸಿದರು. ಮುಂದೆ ಈ ವಿವರಣೆ ಸಾಲದೆಂದು ಕಂಡುಬಂದಿತು. 1937ರಲ್ಲಿ ಸಿಂಪ್ಸನ್ ಅವರೇ ಇನ್ನೊಬ್ಬ ವಿಜ್ಞಾನಿಯೊಡನೆ ಬೆಲೂನುಗಳಲ್ಲಿ ಉಪಕರಣ ಕಳುಹಿಸಿ, ಮೋಡದ ಮೇಲ್ಭಾಗದಲ್ಲಿ ಧನ ಆವೇಶವೂ ಅದರ ಕೆಳಗೆ ಋಣ ಆವೇಶವೂ ಇರುವುದನ್ನು ತೋರಿಸಿದರು.

ಇಂದು ಹೆಚ್ಚಿನ ವಿಜ್ಞಾನಿಗಳು ಒಪ್ಪುವ ವಿವರಣೆ ಹೀಗಿದೆ: ಗುಡುಗು ಮೋಡವು ಹತ್ತು ಕಿಲೋಮೀಟರಿಗೂ ಮೀರಿ ಬೆಳೆಯುವ ಬೃಹತ್ ಗೋಪುರ. ನೆಲದ ಮೇಲೆ ಬಿರುಬಿಸಿಲಿದ್ದರೂ ಅದರ ನಡುಭಾಗದಲ್ಲಿ ಉಷ್ಣತೆ ಸೊನ್ನೆಗಿಂತ 10ರಿಂದ 20 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗಿರುತ್ತದೆ. ಅಲ್ಲಿ ಹಗುರವಾದ ಹಿಮದ ಹರಳುಗಳು ಗಾಳಿಯೊಡನೆ ಮೇಲೇರುತ್ತಿರುತ್ತವೆ. ಭಾರವಾದ ಮೃದು ಆಲಿಕಲ್ಲಿನ ಕಾಳುಗಳು ಕೆಳಗಿಳಿಯುತ್ತಿರುತ್ತವೆ. ಇವೆರಡೂ ಒಂದಕ್ಕೊಂದು ತಾಗಿ ಉಜ್ಜಿದಾಗ ಹರಳುಗಳು ಧನ ಆವೇಶ ಪಡೆದು ಮೇಲಕ್ಕೆ ಹೋಗುತ್ತವೆ, ಕಾಳುಗಳು ಋಣ ಆವೇಶ ಪಡೆದು ಕೆಳಗೆ ಉಳಿಯುತ್ತವೆ. ಬಾಚಣಿಗೆ ಮತ್ತು ಕೂದಲಿನ ಕಥೆಯೇ ಇಲ್ಲಿ ಕಿಲೋಮೀಟರುಗಳ ಅಳತೆಯಲ್ಲಿ ನಡೆಯುತ್ತದೆ.

ಮೋಡದ ಋಣ ಆವೇಶ ಹೆಚ್ಚಿದಂತೆ ಅದರ ಕೆಳಗಿನ ನೆಲದಲ್ಲಿ ಧನ ಆವೇಶ ಪ್ರೇರಿತವಾಗುತ್ತದೆ. ಕೊನೆಗೆ ಹವೆಯ ತಡೆ ಮುರಿದು, ಮೋಡದಿಂದ ಒಂದು ಆವೇಶದ ಎಳೆ ಹತ್ತಾರು ಮೀಟರುಗಳ ಹೆಜ್ಜೆಗಳನ್ನಿಡುತ್ತ, ಕವಲೊಡೆಯುತ್ತ ಕೆಳಗಿಳಿಯುತ್ತದೆ. ಅದು ನೆಲವನ್ನು ಸಮೀಪಿಸಿದಾಗ ಮರದ ತುದಿ, ಗೋಪುರ, ಬಯಲಿನಲ್ಲಿ ನಿಂತ ಮನುಷ್ಯನ ತಲೆ ಮುಂತಾದ ಎತ್ತರದ ತಾಣಗಳಿಂದ ಎದುರು ಎಳೆಗಳು ಮೇಲೇಳುತ್ತವೆ. ಇವೆರಡೂ ಕೂಡಿದ ಕ್ಷಣದಲ್ಲೇ ದಾರಿ ಪೂರ್ಣವಾಗಿ ಪ್ರಚಂಡ ಪ್ರವಾಹ ಹರಿಯುತ್ತದೆ. ಎತ್ತರದ ವಸ್ತುವಿಗೇ ಸಿಡಿಲು ಬಡಿಯುವ ಸಂಭವ ಹೆಚ್ಚು ಎಂಬುದರ ಕಾರಣ ಇದೇ ಆಗಿದೆ.

ಒಂದು ಮಿಂಚಿನಲ್ಲಿ ನೆಲಕ್ಕಿಳಿಯುವ ಆವೇಶ ಸಾಮಾನ್ಯವಾಗಿ ಹತ್ತಿಪ್ಪತ್ತು ಕೂಲಮ್. ಹಳೆಯ ಟಾರ್ಚಿನ ಬಲ್ಬಿನ ಮೂಲಕ ಒಂದು ನಿಮಿಷದಲ್ಲಿ ಸುಮಾರು 18 ಕೂಲಮ್ ಆವೇಶ ಹರಿಯುತ್ತದೆ ಎಂದರೆ ಅಚ್ಚರಿಯಾಗಬಹುದು. ಟಾರ್ಚು ನಿಮಿಷವಿಡೀ ಹರಿಸುವುದನ್ನು ಮಿಂಚು ಸೆಕೆಂಡಿನ ಚಿಕ್ಕದೊಂದು ಪಾಲಿನಲ್ಲಿ, ಕೋಟ್ಯಂತರ ವೋಲ್ಟುಗಳ ಒತ್ತಡದಲ್ಲಿ ಹರಿಸಿಬಿಡುತ್ತದೆ. ಆಗ ಪ್ರವಾಹವು ಸುಮಾರು 30,000 ಆಂಪಿಯರ್ ಮುಟ್ಟುತ್ತದೆ. ಮಿಂಚಿನ ದಾರಿಯ ಹವೆ ಸುಮಾರು 30,000 ಡಿಗ್ರಿಯಷ್ಟು, ಅಂದರೆ ಸೂರ್ಯನ ಮೇಲ್ಮೈಗಿಂತ ಐದು ಪಟ್ಟು, ಕಾಯುತ್ತದೆ. ಹೀಗೆ ಕಾದ ಹವೆ ಸಿಡಿದು ಹಿಗ್ಗುವ ಸದ್ದೇ ಗುಡುಗು.

ಪುಣೆಯಲ್ಲಿ ಮಿಂಚಿನ ಕಾವಲು

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ದಖ್ಖನ್ನಿನ ನೆಲ ಬಿಸಿಲಿಗೆ ಕಾಯುತ್ತದೆ. ಅರಬ್ಬೀ ಸಮುದ್ರದ ಕಡೆಯಿಂದ ಬರುವ ತೇವದ ಗಾಳಿ ಈ ಕಾದ ನೆಲದ ಮೇಲೆ ರಭಸದಿಂದ ಮೇಲೇರುತ್ತದೆ. ಮಧ್ಯಾಹ್ನದ ತನಕ ತಿಳಿಯಾಗಿದ್ದ ಆಕಾಶದಲ್ಲಿ ಸಂಜೆಯ ಹೊತ್ತಿಗೆ ಕರಿಮೋಡ ಕವಿದು ಗುಡುಗು ಸಹಿತ ಮಳೆ ಸುರಿಯುತ್ತದೆ. ಪುಣೆಯ ಜನ ಇದನ್ನು ವಳೀವ ಎಂದರೆ, ಉತ್ತರ ಕರ್ನಾಟಕದ ರೈತರು ಅಡ್ಡಮಳೆ ಎನ್ನುತ್ತಾರೆ. ನೈಋತ್ಯ ಮುಂಗಾರು ನೆಲೆಯೂರಿದ ಮೇಲೆ ಮಳೆ ಹೆಚ್ಚಿದರೂ ಸಿಡಿಲಿನ ಅಬ್ಬರ ತಗ್ಗುತ್ತದೆ. ಸಹ್ಯಾದ್ರಿಯ ಮೇಲಿನ ಮುಂಗಾರು ಮೋಡಗಳು ಬಹುಪಾಲು ಹೆಚ್ಚು ಎತ್ತರಕ್ಕೆ ಬೆಳೆಯದಿರುವುದರಿಂದ ಅವುಗಳಲ್ಲಿ ಹಿಮದ ಕಣಗಳ ಘರ್ಷಣೆ ಕಡಿಮೆ. ಮುಂಗಾರು ಹಿಂಜರಿಯುವ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ಗಳಲ್ಲಿ ಗುಡುಗು ಮತ್ತೆ ಮರಳುತ್ತದೆ. ಹೀಗೆ ಸಿಡಿಲಿನ ಕಾಲವು ಹೊಲ ಹದಗೊಳಿಸುವ ಕಾಲದೊಡನೆ ಹಾಗೂ ಕೊಯ್ಲಿನ ಕಾಲದೊಡನೆ ಹೊಂದಿಕೊಂಡು ಬರುವುದು ರೈತನ ಪಾಲಿಗೆ ದೊಡ್ಡ ಕಷ್ಟ.

ಭಾರತೀಯ ಹವಾಮಾನ ಇಲಾಖೆಯ ಪ್ರಧಾನ ಕಛೇರಿಯು 1928ರಲ್ಲಿ ಶಿಮ್ಲಾದಿಂದ ಪುಣೆಗೆ ಬಂದಿತು. 1944ರಲ್ಲಿ ಅದು ದೆಹಲಿಗೆ ಸ್ಥಳಾಂತರಗೊಂಡರೂ ಪುಣೆ ಹವಾಮಾನ ಅಧ್ಯಯನದ ಕೇಂದ್ರವಾಗಿಯೇ ಉಳಿಯಿತು. 1962ರಲ್ಲಿ ಇಲ್ಲಿ ಸ್ಥಾಪನೆಗೊಂಡು 1971ರಲ್ಲಿ ಸ್ವಾಯತ್ತತೆ ಪಡೆದ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯು ನಗರದ ಪಾಷಾಣ ಭಾಗದಲ್ಲಿದೆ. ಮೋಡಗಳ ಭೌತವಿಜ್ಞಾನ ಮತ್ತು ವಾಯುಮಂಡಲದ ವಿದ್ಯುತ್ತು ಈ ಸಂಸ್ಥೆಯ ಅಧ್ಯಯನದ ವಿಷಯಗಳು.

ಗುಡುಗಿನ ದಿನಗಳಲ್ಲಿ ಮೀಡಿಯಂ ವೇವ್ ರೇಡಿಯೋ ಹಚ್ಚಿದವರಿಗೆ ಪ್ರತಿಯೊಂದು ಮಿಂಚಿನೊಡನೆ ಕರಕರ ಸದ್ದು ಕೇಳಿಬರುವುದು ಗೊತ್ತು. ಮಿಂಚು ಬೆಳಕಿನೊಡನೆ ರೇಡಿಯೋ ಅಲೆಗಳನ್ನೂ ಹೊಮ್ಮಿಸುತ್ತದೆ. ಪುಣೆಯ ಸಂಸ್ಥೆಯು ದೇಶದ ನಾನಾ ಭಾಗಗಳಲ್ಲಿ ಸ್ಥಾಪಿಸಿರುವ 80ಕ್ಕೂ ಹೆಚ್ಚು ಸಂವೇದಕ ಉಪಕರಣಗಳು ಈ ಅಲೆಗಳನ್ನೇ ಹಿಡಿಯುತ್ತವೆ. ಅಲೆ ಒಂದೊಂದು ಕೇಂದ್ರವನ್ನು ಒಂದೊಂದು ಕ್ಷಣದಲ್ಲಿ ತಲಪುತ್ತದೆ. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಲ್ಲಿ ಅದು 300 ಮೀಟರ್ ದೂರ ಸಾಗುವುದರಿಂದ, ಆಗಮನದ ವೇಳೆಗಳ ಅತಿಸೂಕ್ಷ್ಮ ಅಂತರವನ್ನು ಹೋಲಿಸಿ ಮಿಂಚು ಎಲ್ಲಿ ಸಂಭವಿಸಿತೆಂಬುದನ್ನು ಪುಣೆಯ ಗಣಕಯಂತ್ರ ಲೆಕ್ಕ ಹಾಕುತ್ತದೆ.

ಈ ಮಾಹಿತಿಯನ್ನು ಜನರಿಗೆ ಮುಟ್ಟಿಸಲು ಸಂಸ್ಥೆಯು ‘ದಾಮಿನಿ’ ಎಂಬ ಮೊಬೈಲ್ ಆ್ಯಪ್ ಅನ್ನು ಸಿದ್ಧಪಡಿಸಿದೆ. ಬಳಕೆದಾರನಿರುವ ಸ್ಥಳದಿಂದ 20 ಹಾಗೂ 40 ಕಿಲೋಮೀಟರ್ ವ್ಯಾಪ್ತಿಯಲ್ಲಿನ ಸಿಡಿಲಿನ ಬಗ್ಗೆ ಅದು ಎಚ್ಚರಿಸುತ್ತದೆ. ಕರ್ನಾಟಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು 2018ರಲ್ಲಿ ‘ಸಿಡಿಲು’ ಎಂಬ ಆ್ಯಪ್ ಅನ್ನು ಬಿಡುಗಡೆ ಮಾಡಿತು. ಯಂತ್ರ ಕೊಡುವ ಸೂಚನೆಗೂ ಸಿಡಿಲಿಗೂ ನಡುವೆ ದೊರೆಯುವ ಕೆಲವೇ ನಿಮಿಷಗಳನ್ನು ಹೇಗೆ ಬಳಸಬೇಕೆಂಬುದು ಮಾತ್ರ ಹೊಲದಲ್ಲಿರುವವರ ಕೈಯಲ್ಲಿದೆ.

ಗುಡುಗೇ ಎಚ್ಚರಿಕೆಯ ಗಂಟೆ

ಮೊಬೈಲ್ ಇಲ್ಲದವರಿಗೂ ಪ್ರಕೃತಿಯೇ ಒಂದು ಸೂಚನೆ ಕೊಡುತ್ತದೆ. ಮಿಂಚಿನ ಬೆಳಕು ಕ್ಷಣಮಾತ್ರದಲ್ಲಿ ಕಣ್ಣಿಗೆ ಮುಟ್ಟುತ್ತದೆ. ಗುಡುಗಿನ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಬರುತ್ತದೆ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಎಣಿಸಿ 3ರಿಂದ ಭಾಗಿಸಿದರೆ ಮಿಂಚು ಎಷ್ಟು ಕಿಲೋಮೀಟರ್ ದೂರವಿದೆ ಎಂಬುದು ತಿಳಿಯುತ್ತದೆ. ಆದರೆ ದೂರವಿದೆಯೆಂದು ನೆಮ್ಮದಿಯಿಂದ ಇರುವಂತಿಲ್ಲ. ಮಳೆ ಸುರಿಯುವ ಜಾಗದಿಂದ ಹತ್ತು ಕಿಲೋಮೀಟರ್ ಆಚೆಗೂ ಸಿಡಿಲು ಎರಗಬಲ್ಲದು. ಗುಡುಗು ಕೇಳಿಸುವ ದೂರವೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಗುಡುಗು ಕೇಳಿಸಿತೆಂದರೆ ಸಿಡಿಲು ಬಡಿಯಬಹುದಾದ ವ್ಯಾಪ್ತಿಯೊಳಗೆ ಇದ್ದೇವೆಂದೇ ತಿಳಿಯಬೇಕು. ಮಳೆ ಹನಿಯಲಿ, ಆಮೇಲೆ ಹೊರಟರಾಯಿತು ಎಂದು ಕಾಯುವುದು ತಪ್ಪು.

ಆಗ ಪಾಲಿಸಬೇಕಾದ ಕ್ರಮಗಳು ಇವು:

1. ಪಕ್ಕಾ ಕಟ್ಟಡದ ಒಳಗೆ ಸೇರಬೇಕು. ಲೋಹದ ಮಾಡುಳ್ಳ, ಗಾಜು ಮುಚ್ಚಿದ ಕಾರು ಅಥವಾ ಬಸ್ಸು ಕೂಡ ಸುರಕ್ಷಿತ. ಪ್ರವಾಹವು ಅದರ ಹೊರಮೈಯ ಮೂಲಕ ನೆಲಕ್ಕಿಳಿಯುತ್ತದೆ. ಗೋಡೆಯಿಲ್ಲದ ಹೊಲದ ಚಪ್ಪರ, ತೆರೆದ ಟ್ರ್ಯಾಕ್ಟರ್, ದ್ವಿಚಕ್ರ ವಾಹನಗಳು ರಕ್ಷಣೆ ಕೊಡಲಾರವು.

2. ಮನೆಯೊಳಗೆ ತಂತಿಗೆ ಜೋಡಿಸಿದ ಉಪಕರಣಗಳನ್ನೂ, ನೀರಿನ ನಲ್ಲಿಯನ್ನೂ ಮುಟ್ಟಬಾರದು. ಸ್ನಾನ, ಪಾತ್ರೆ ತೊಳೆಯುವ ಕೆಲಸಗಳನ್ನು ಮುಂದೂಡಬೇಕು. ಕಿಟಕಿ ಬಾಗಿಲುಗಳಿಂದ ದೂರವಿರಬೇಕು. ಚಾರ್ಜಿಗೆ ಜೋಡಿಸದ ಮೊಬೈಲ್ ಬಳಕೆಯಿಂದ ಅಪಾಯವಿಲ್ಲ.

3. ಕೆರೆ, ಹೊಳೆ, ನೀರು ನಿಂತ ಗದ್ದೆಗಳಿಂದ ಹೊರಬರಬೇಕು. ಗುಡ್ಡದ ನೆತ್ತಿ, ತಂತಿಬೇಲಿ, ವಿದ್ಯುತ್ ಕಂಬಗಳಿಂದ ದೂರ ಸರಿಯಬೇಕು. ಪುಣೆಯ ಸುತ್ತಣ ಕೋಟೆಬೆಟ್ಟಗಳನ್ನು ಏರುವವರು ಮೊದಲ ಗುಡುಗಿಗೇ ಕೆಳಗಿಳಿಯತೊಡಗುವುದು ಲೇಸು.

4. ಬಯಲಿನಲ್ಲಿ ಗುಂಪಾಗಿ ನಿಲ್ಲದೆ ಒಬ್ಬರಿಂದೊಬ್ಬರು ದೂರವಿರಬೇಕು. ಬೇರೆ ಆಸರೆ ಇಲ್ಲವೇ ಇಲ್ಲವೆಂದಾದರೆ ತಗ್ಗಾದ ಜಾಗದಲ್ಲಿ ಎರಡೂ ಪಾದಗಳನ್ನು ಜೋಡಿಸಿ, ತಲೆ ತಗ್ಗಿಸಿ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಬೇಕು. ನೆಲದ ಮೇಲೆ ಮಲಗಬಾರದು. ಇದು ಕೊನೆಯ ಉಪಾಯವೇ ಹೊರತು ಕಟ್ಟಡಕ್ಕೆ ಸಮನಲ್ಲ.

5. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಳೆಯುವವರೆಗೆ ಹೊರಗೆ ಬರಬಾರದು.

ಮರದ ಆಸರೆ ಏಕೆ ಬೇಡ

ಮಳೆ ಬಂದಾಗ ಮರದಡಿ ನಿಲ್ಲುವುದು ತಲೆತಲಾಂತರದ ರೂಢಿ. ಸಿಡಿಲಿನ ವಿಷಯದಲ್ಲಿ ಈ ರೂಢಿಯೇ ಪ್ರಾಣಕ್ಕೆ ಎರವಾಗುತ್ತದೆ. ಬಯಲಿನಲ್ಲಿ ಒಂಟಿಯಾಗಿ ನಿಂತ ಎತ್ತರದ ಮರ ಸಿಡಿಲಿಗೆ ಹತ್ತಿರದ ದಾರಿ. ಆದರೆ ಮರವು ಲೋಹದಂತೆ ಒಳ್ಳೆಯ ವಾಹಕವಲ್ಲ. ಮನುಷ್ಯನ ಮೈ ಮರಕ್ಕಿಂತ ಸುಲಭವಾದ ದಾರಿ. ಹಾಗಾಗಿ ಕಾಂಡದಲ್ಲಿ ಇಳಿಯುವ ಪ್ರವಾಹವು ಅರ್ಧದಲ್ಲೇ ಪಕ್ಕದಲ್ಲಿ ನಿಂತವರ ಮೈಗೆ ಜಿಗಿಯುತ್ತದೆ. ಇದಲ್ಲದೆ ಬುಡದಿಂದ ನೆಲದಲ್ಲಿ ಸುತ್ತಲೂ ಹರಡುವ ಪ್ರವಾಹದಿಂದ ಒಂದು ಕಾಲಿಗೂ ಇನ್ನೊಂದು ಕಾಲಿಗೂ ನಡುವೆ ವಿದ್ಯುತ್ ಒತ್ತಡದ ವ್ಯತ್ಯಾಸ ಉಂಟಾಗಿ, ಪ್ರವಾಹ ಒಂದು ಕಾಲಿನಿಂದ ಏರಿ ಮತ್ತೊಂದರಿಂದ ಇಳಿಯುತ್ತದೆ. ಪಾದಗಳನ್ನು ಜೋಡಿಸಬೇಕೆಂದು ಹೇಳುವುದು ಈ ಕಾರಣಕ್ಕಾಗಿ. ದನಗಳ ಮುಂಗಾಲು ಹಿಂಗಾಲುಗಳ ಅಂತರ ಹೆಚ್ಚಾಗಿರುವುದರಿಂದ ಅವು ಒಂದೇ ಸಿಡಿಲಿಗೆ ಗುಂಪಾಗಿ ಸಾಯುವುದುಂಟು. ಎತ್ತು, ಎಮ್ಮೆ, ಕುರಿಗಳನ್ನು ಮರಕ್ಕಾಗಲಿ ತಂತಿಬೇಲಿಗಾಗಲಿ ಕಟ್ಟಬಾರದು.

ಕಟ್ಟಡಗಳ ರಕ್ಷಣೆಗೆ ಫ್ರಾಂಕ್ಲಿನ್ ಸೂಚಿಸಿದ ಮಿಂಚುವಾಹಕ ಇಂದಿಗೂ ಬಳಕೆಯಲ್ಲಿದೆ. ಕಟ್ಟಡದ ತುದಿಯಲ್ಲಿ ಲೋಹದ ಸಲಾಕೆ, ಅಲ್ಲಿಂದ ಇಳಿಯುವ ದಪ್ಪ ಪಟ್ಟಿ, ತೇವವಿರುವ ನೆಲದಾಳದಲ್ಲಿ ಹೂತ ಫಲಕ, ಇವಿಷ್ಟೇ ಅದರ ಅಂಗಗಳು. ಮಿಂಚುವಾಹಕ ಸಿಡಿಲನ್ನು ತಡೆಯುವುದಿಲ್ಲ. ಟ್ಯಾಂಕರಿನ ಭೂಸಂಪರ್ಕದ ತಂತಿಯಂತೆ ಆವೇಶಕ್ಕೆ ನೆಲದ ದಾರಿ ಒದಗಿಸುತ್ತದೆ. ನಡುವೆ ಪಟ್ಟಿ ತುಂಡಾಗಿದ್ದರೆ ಅಥವಾ ಭೂಸಂಪರ್ಕ ಕೆಟ್ಟಿದ್ದರೆ ಅದರಿಂದ ಉಪಯೋಗವಿಲ್ಲ. ಶಾಲೆ, ದೇವಾಲಯ, ಆಸ್ಪತ್ರೆಗಳ ಮಿಂಚುವಾಹಕಗಳನ್ನು ಬೇಸಗೆಗೆ ಮುನ್ನ ಪರೀಕ್ಷಿಸುವುದು ಅಗತ್ಯ.

ಸಿಡಿಲು ಬಡಿದವರ ಆರೈಕೆ

ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುತ್ತದೆ, ಮುಟ್ಟಿದರೆ ಅಪಾಯ ಎಂಬ ನಂಬಿಕೆ ಹಲವೆಡೆ ಇದೆ. ಇದು ಸಂಪೂರ್ಣ ತಪ್ಪು. ಸಿಡಿಲು ಕ್ಷಣಾರ್ಧದಲ್ಲಿ ನೆಲ ಸೇರಿಬಿಟ್ಟಿರುತ್ತದೆ. ಅಂತಹವರನ್ನು ಕೂಡಲೇ ಮುಟ್ಟಬಹುದು, ಮುಟ್ಟಲೇಬೇಕು. ಸಿಡಿಲಿನ ಆಘಾತಕ್ಕೆ ಒಳಗಾದವರಲ್ಲಿ ಹೆಚ್ಚಿನವರು ಬದುಕುಳಿಯುತ್ತಾರೆ. ಸಾವು ಬರುವುದು ಮುಖ್ಯವಾಗಿ ಹೃದಯ ಮತ್ತು ಉಸಿರು ನಿಲ್ಲುವುದರಿಂದ. ಉಸಿರಾಟ ಕಾಣದಿದ್ದರೆ ತಡಮಾಡದೆ ಎದೆಯ ನಡುವೆ ಎರಡೂ ಅಂಗೈಗಳಿಂದ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತ, ತಿಳಿದವರಿದ್ದರೆ ಬಾಯಿಂದ ಉಸಿರು ನೀಡುತ್ತ, ವೈದ್ಯಕೀಯ ನೆರವು ಬರುವವರೆಗೆ ಮುಂದುವರಿಸಬೇಕು. 108 ಅಥವಾ 112 ಸಂಖ್ಯೆಗೆ ಕರೆ ಮಾಡಬೇಕು. ಹಲವರಿಗೆ ಒಮ್ಮೆಲೇ ಸಿಡಿಲು ಬಡಿದಿದ್ದರೆ ನರಳುತ್ತಿರುವವರಿಗಿಂತ ಮೊದಲು ನಿಶ್ಚಲರಾಗಿ ಬಿದ್ದವರ ಕಡೆ ಗಮನ ಕೊಡಬೇಕು. ಮೈಯನ್ನು ಮಣ್ಣಿನಲ್ಲಿ ಅಥವಾ ಸಗಣಿಯಲ್ಲಿ ಹೂಳುವಂತಹ ರೂಢಿಗಳು ಅಮೂಲ್ಯವಾದ ನಿಮಿಷಗಳನ್ನು ವ್ಯರ್ಥಗೊಳಿಸುತ್ತವೆ.

ಆವೇಶವು ಸದಾ ನೆಲದ ದಾರಿಯನ್ನು ಹುಡುಕುತ್ತದೆ. ಪೆಟ್ರೋಲ್ ಟ್ಯಾಂಕರಿಗೆ ತಂತಿಯ ಮೂಲಕ, ಕಟ್ಟಡಕ್ಕೆ ಮಿಂಚುವಾಹಕದ ಮೂಲಕ ಆ ದಾರಿಯನ್ನು ಒದಗಿಸಬಹುದು. ಬಯಲಿನಲ್ಲಿರುವ ಮನುಷ್ಯನಿಗೆ ಉಳಿದಿರುವುದು ತಾನೇ ಆ ದಾರಿಯಾಗದಂತೆ ನೋಡಿಕೊಳ್ಳುವುದು. ಈ ಮಾತನ್ನು ಶಾಲೆಯ ಮಕ್ಕಳಿಗೂ, ಹೊಲದಲ್ಲಿ ದುಡಿಯುವವರಿಗೂ, ದನ ಕುರಿ ಮೇಯಿಸುವವರಿಗೂ ಬೇಸಗೆಯ ಮೊದಲ ಗುಡುಗಿಗೆ ಮುನ್ನವೇ ತಿಳಿಸಿ ಹೇಳಿದರೆ ಅನೇಕ ಜೀವಗಳು ಉಳಿಯುವುದರಲ್ಲಿ ಸಂದೇಹವಿಲ್ಲ.